ಊಟಿಗೆ ಹೊರಟ ದೊರೆಯ ಎರಕದ ಮನೆ

ನಮ್ಮ ಎರಕದ ಮನೇಲಿ ಇಂಥವು ಆಗ್ತಾನೇ ಇರ್ತವೆ. ಒಂದು ವಾರ ಏನೂ ಆಗಲಿಲ್ಲ ಅಂದರೆ ಕುಲುಮೆಗೆ ದೃಷ್ಟಿ ತಾಗಿದೆ ಅಂತ ನಾವೇ ಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕ್ತಿದ್ದೆವು.

ಚಾಮರಾಜನಗರದಲ್ಲಿ ಕಬ್ಬಿಣ ಕರಗಿಸಿ ಅಚ್ಚಿಗೆ ಹುಯ್ಯೋ ಕಾರ್ಖಾನೆ ಅದು. ನಾನು ಅಲ್ಲಿ ಅಚ್ಚಿನ ಮೇಸ್ತ್ರಿ. ಮರಳಲ್ಲಿ ಅಚ್ಚು ತೆಗೆಯೋದು ನನ್ನ ಕೆಲಸ. ನನ್ನಂಥ ಅಚ್ಚಿನ ಮೇಸ್ತ್ರಿ ಮೈಸೂರಿಂದ ಈಚೆಗೆ ಇನ್ನೊಬ್ಬ ಇಲ್ಲ, ಆಚೆಗಿದ್ದರೆ ನನಗೆ ಗೊತ್ತಿಲ್ಲ. ಒಂದು ಸಲ ಸತ್ತ ಸೊಳ್ಳೆಯೊಂದನ್ನ ಮರಳಿಗೆ ಒತ್ತಿ ಎರಕ ಹುಯ್ದೆ. ತಣ್ಣಗಾದ ಮೇಲೆ ತೆಗೆದು ನೋಡಿದರೆ ಕಬ್ಬಿಣದ ಸೊಳ್ಳೆ, ಕಾಲು ಮೀಸೆ ಸಮೇತ. ಮೇಜಿನ ಮೇಲೆ ಇಟ್ಟು ಕೈ ತೊಳೆದು ಬರೋದರೊಳಗೆ ಅದು ಅಲ್ಲಿರಲಿಲ್ಲ. ಹಾರಿಹೋಯ್ತು ಅಂತ ನಾನು ಹೇಳೋದಿಲ್ಲ. ಮೇಜಿನ ಮೇಲಂತೂ ಇರಲಿಲ್ಲ.

ಈ ಕಾರ್ಖಾನೆ ಶುರು ಮಾಡಿದವನು ಒಬ್ಬ ಇಂಗ್ಲಿಷ್ ದೊರೆ. ಇಂಗ್ಲೆಂಡಿನಲ್ಲಿ ಅವರ ಮನೆತನದ ಕಸುಬೇ ಎರಕ. ಅವನು ಊರಿಗೆ ವಾಪಸು ಹೋಗುವಾಗ ಕುಲುಮೆ ನೋಡಿಕೊಳ್ತಿದ್ದ ಸಾಬರ ಕೈಗೆ ಬೀಗದ ಕೈ ಕೊಟ್ಟು ಹೋದ. ಅಲ್ಲಿಂದ ಅದು ಆ ಸಾಬರ ಮನೆತನದ್ದು. ಈಗ ನಡೆಸ್ತಿರೋದು ಆ ಮನೆ ಸೊಸೆ. ನಾವೆಲ್ಲ ಯಜಮಾನಮ್ಮ ಅಂತೀವಿ. ಗಂಡ ತೀರಿಕೊಂಡ ಮೇಲೆ ಕುಲುಮೆ ಮುಂದೆ ಕುರ್ಚಿ ಹಾಕಿಕೊಂಡು ಕೂತವರು, ಇವತ್ತಿಗೂ ಎದ್ದಿಲ್ಲ.

ಆದರೆ ಈಚೀಚೆಗೆ ಕೆಲಸ ಕೈ ಕೊಟ್ಟಿತ್ತು. ಕೊಯಮತ್ತೂರಿನ ಅಗ್ಗದ ಎರಕದ ಮಾಲು ಲಾರಿ ಲಾರಿ ಬಂದು ಇಳೀತಿತ್ತು. ಒಂದು ದಿನ ಯಜಮಾನಮ್ಮ ನಮ್ಮನ್ನೆಲ್ಲ ಕರೆದು ಹೇಳೇಬಿಟ್ಟರು.

"ಒಂದು ಸಲ ಕುಲುಮೆ ಹೊತ್ತಿಸೋಕಾಗೋಷ್ಟು ಕಲ್ಲಿದ್ದಲು ಉಳಿದಿದೆ. ಅದಾದ ಮೇಲೆ ಬಾಗಿಲು ಹಾಕೋದೇ. ಶೆಡ್ಡನ್ನ ಅರಿಶಿನದ ಗೋಡೌನಿಗೆ ಕೇಳ್ತಿದಾರೆ, ಕೊಟ್ಟುಬಿಡ್ತೀನಿ."

ನಾನು ಹುಟ್ಟಿದ್ದು ಉಡಿಗಾಲದಲ್ಲಿ, ಬೆಳೆದದ್ದು ಆ ಶೆಡ್ಡಿನ ಮರಳಲ್ಲಿ. ಅಲ್ಲಿ ಅರಿಶಿನದ ಮೂಟೆ ಕೂತರೆ ನಾನೆಲ್ಲಿ ಕೂರೋದು?

ಅಷ್ಟರಲ್ಲಿ ದೇವರು ಕಣ್ಣು ಬಿಟ್ಟ. ಯಜಮಾನಮ್ಮನ ಫೋನಿಗೆ ಇಂಗ್ಲೆಂಡಿಂದ ಒಂದು ಸುದ್ದಿ ಬಂತು. ಆ ದೊರೆಯ ಮರಿಮೊಮ್ಮಗಳು ಇಂಡಿಯಾಕ್ಕೆ ಬರ್ತಾಳಂತೆ. ಅವರಿಗೆ ಪಾರ್ಕಿನ ಬೆಂಚು, ಬೀದಿ ದೀಪದ ಕಂಬ ಎರಕ ಹುಯ್ದು ಕೊಡೋರು ಬೇಕಂತೆ. ಇದು ನಿಜವಾಗಲೂ ತಾತನ ಕಾರ್ಖಾನೇನೇ ಅಂತ ಮನಸ್ಸಿಗೆ ಬಂದರೆ ಕೆಲಸ ಇಲ್ಲಿಗೇ, ಬರದಿದ್ದರೆ ಬೇರೆ ಊರಿಗೆ. ಗುರುತು ತೋರಿಸೋಣ ಅಂದರೆ ದೊರೆ ಕಾಲದ ಕಾಗದ ಪತ್ರವನ್ನೆಲ್ಲ ಗೆದ್ದಲು ಓದಿ ಮುಗಿಸಿತ್ತು. ಉಳಿದಿದ್ದು ನನ್ನ ಬಾಯಿ ಒಂದೇ.

"ಮೇಸ್ತ್ರಿ ಚಾಚಾ, ಕಾರ್ಖಾನೆ ಕತೆ ನಿಮಗೆ ಗೊತ್ತಿರೋದನ್ನೆಲ್ಲ ಹೇಳಿ," ಅಂದರು ಯಜಮಾನಮ್ಮ, ಫೋನಲ್ಲಿ ರೆಕಾರ್ಡಿಗೆ ಹಾಕಿಕೊಂಡು. "ಆದ್ರೆ ನಿಜ ಮಾತ್ರ."

"ನಿಜ ಮಾತ್ರ ಹೇಳುದ್ರೆ ಟೀ ಆರೋಕ್ಮುಂಚೆ ಮುಗುದೋಯ್ತದೆ ಕಣವ್ವಾ," ಅಂದೆ.

ಊಟೀ? ಊಟೀ?

ಮೊದಲು ಹೇಳಿದ್ದು ಕಾರ್ಖಾನೆ ಹುಟ್ಟಿದ ಕತೆ. ಪಕ್ಕದಲ್ಲಿ ನನ್ನ ಜೊತೆಗಾರ ಕೂತಿದ್ದ. ಕುಲುಮೆ ಉರಿಸೋನು, ಬೇಗೂರಿನವನು. ನಾನು ಬಾಯಿ ತೆಗೆದರೆ ಅವನು ಮೂಗು ಮುರಿಯೋದು ಮೊದಲಿಂದ ನಡೆದು ಬಂದಿದೆ.

ದೊರೆ ಹೊರಟಿದ್ದು ಊಟಿಗೆ. ಅಲ್ಲಿನ ಬಂಗಲೆಗಳಿಗೆ ಕಬ್ಬಿಣದ ಒಲೆ ಮಾಡಿಕೊಟ್ಟು ಸಾಹುಕಾರನಾಗೋದು ಅಂತ ಅವನ ಲೆಕ್ಕ. ಮುಂದೆ ಅವನ ಕುದುರೆ, ಹಿಂದೆ ಕಬ್ಬಿಣ ಹೇರಿದ ಎತ್ತಿನ ಗಾಡಿ. ಬೇಗೂರು ದಾಟಿ ಗುಂಡ್ಲುಪೇಟೆ ಕಡೆ ಹೋಗಬೇಕಾದವನು ದಾರಿ ತಪ್ಪಿ ಉಡಿಗಾಲಕ್ಕೆ ಬಂದ. ನಮ್ಮ ತಾತ ಹೊಲದ ಬದುವಿನ ಮೇಲೆ ಕೂತಿದ್ದ. ದೊರೆ ಕುದುರೆ ನಿಲ್ಲಿಸಿ ಕೇಳಿದ.

"ಊಟೀ?"

ತಾತ ಎದ್ದು ಕೈ ಮುಗಿದ. "ಊಟವಾ? ಅದ್ಕೇನು ಸ್ವಾಮಿ, ಬನ್ನಿ ಬನ್ನಿ."

ದೊರೆ ತಲೆ ಅಲ್ಲಾಡಿಸಿದ. ದೂರದಲ್ಲಿ ನೀಲಿಯಾಗಿ ಕಾಣೋ ಬೆಟ್ಟದ ಸಾಲು ತೋರಿಸಿ, "ಊಟೀ! ಊಟೀ!" ಅಂದ.

ತಾತ ಅಜ್ಜಿಯನ್ನ ಕೂಗಿದ. "ಅಮ್ಮೀ, ಬೆಟ್ಟದಷ್ಟು ಊಟ ಬೇಕಂತೆ ಕಣಮ್ಮಿ! ಪಾಪ, ಯಾವಾಗ ಉಂಡಿದ್ನೋ ಯಾನೋ!"

ಅಜ್ಜಿ ದೊಡ್ಡ ಪಾತ್ರೆ ಇಟ್ಟು ಮುದ್ದೆ ತೊಳಸಿ ಉಪ್ಪೆಸ್ರು ಬಿಟ್ಟಳು. ಮುದ್ದೆ ಅಂದರೆ ಮುದ್ದೆಯಾ? ಅದರ ಹಿಂದೆ ಕೂತವರು ಮುಂದೆ ಕೂತವರಿಗೆ ಕಾಣ್ತಿರಲಿಲ್ಲ. ದೊರೆಗೆ ಮುದ್ದೆ ನುಂಗಬೇಕು ಅಂತ ಯಾರು ಹೇಳಿದ್ದಾರೆ? ಅಗಿದ. ದವಡೆ ಎರಡೂ ಅಂಟಿಕೊಂಡವು. ಅವನು "ಊಂ, ಊಂ" ಅಂದ ಹಾಗೆಲ್ಲ ಅಜ್ಜಿ ಇನ್ನೊಂದು ತುತ್ತು ಬೇಕಂತೆ ಅಂತ ಬಡಿಸಿದಳು. ಬಾಯಿ ಬಿಡಿಸಿಕೊಳ್ಳೋ ಹೊತ್ತಿಗೆ ಗಾಡಿಯವನು ಕಬ್ಬಿಣ ಇಳಿಸಿ, ಎತ್ತು ಬಿಚ್ಚಿ, ಊರಿಗೆ ಹೊರಟುಹೋಗಿದ್ದ. ದೊರೆ ಕುದುರೆ ಹತ್ತಿದ. ಕುದುರೆ ಕೂತುಬಿಡ್ತು.

ಅಲ್ಲಿಂದ ನಡಕೊಂಡು ಚಾಮರಾಜನಗರಕ್ಕೆ ಬಂದು, ಇಲ್ಲೇ ಗುಂಡಿ ತೋಡಿ ಕುಲುಮೆ ಹಾಕಿದ. ದಾರಿ ತೋರಿಸೋಕೆ ಜೊತೆಗೆ ಬಂದ ತಾತ ಅವನ ಹತ್ತಿರವೇ ಕೆಲಸಕ್ಕೆ ನಿಂತ. ಊಟಿಯವರು ಇವತ್ತಿಗೂ ಒಲೆಗೆ ಕಾಯ್ತಾ ಚಳೀಲಿ ಕೂತಿದ್ದಾರೆ.

"ಅಲ್ಲಾ," ಅಂದರು ಯಜಮಾನಮ್ಮ, "ಮೊದಲು ಸಿಗೋದು ಬೇಗೂರಲ್ವಾ? ಅಲ್ಲಿ ಯಾರನ್ನೂ ಕೇಳಲಿಲ್ವಾ ದೊರೆ?"

ಬೇಗೂರಿನವನು ಯಾವತ್ತೂ ಇಲ್ಲದೆ ನನ್ನ ಸಹಾಯಕ್ಕೆ ಬಂದ.

"ಕೇಳಿದ್ನಂತೆ ಕಣಮ್ಮೋ. ಸಿಕ್ಕಿದೋರ್ಗೆಲ್ಲ 'ಊಟೀ? ಊಟೀ?' ಅಂದ್ನಂತೆ. ನಮ್ಮೋರು 'ಆಯ್ತು ಸ್ವಾಮಿ, ನಿಮ್ದು?' ಅಂದ್ಬುಟ್ಟು ಓಗ್ತಾ ಇದ್ರಂತೆ."

ಇರುವೆ ಮಾಡಿದ ಪಂಪು

ನನ್ನ ಕಾಲದ್ದೇ ಒಂದು ಹೇಳಿ ಅಂದರು. ಪಂಪಿನ ಕತೆ ಹೇಳಿದೆ.

ಪಂಪು, ಪೈಪು, ಒಳಗೆ ಪೊಳ್ಳು ಇರೋ ಯಾವ ಸಾಮಾನಿಗೇ ಆಗಲಿ, ಪೊಳ್ಳು ಎಷ್ಟು ಬೇಕೋ ಅಷ್ಟು ದಪ್ಪದ ಮರಳಿನ ಗಟ್ಟಿಯನ್ನ ಅಚ್ಚಿನ ನಡುವೆ ಕೂರಿಸ್ತೀವಿ. ಸುತ್ತ ಕಬ್ಬಿಣ ತುಂಬಿಕೊಳ್ತದೆ. ಆಮೇಲೆ ಆ ಮರಳನ್ನ ಕುಟ್ಟಿ ಉದುರಿಸಿದರೆ ಪೊಳ್ಳು ಉಳೀತದೆ. ಮರಳು ಗಟ್ಟಿಯಾಗಿ ನಿಲ್ಲೋಕೆ ಬೆಲ್ಲದ ಕಾಕಂಬಿ ಹಾಕಿ ಕಲಸಬೇಕು. ಇದು ದೊರೆ ಕಲಿಸಿದ್ದು. ಇಂಗ್ಲೆಂಡಿನಲ್ಲಿ ಹಿಂಗೇ ಮಾಡ್ತಿದ್ದರೋ ಏನೋ, ಅಲ್ಲಿ ಇರುವೆ ಇರಲಿಕ್ಕಿಲ್ಲ.

ನಮ್ಮೂರಿನ ರೈತನೊಬ್ಬ ಬಾವಿಗೆ ಪಂಪು ಬೇಕು ಅಂತ ಬಂದ. ಮರಳಿನ ಗಟ್ಟಿ ಮಾಡಿ, ಒಣಗೋಕೆ ಬಿಟ್ಟು, ಊಟಕ್ಕೆ ಹೋದೆ. ಊಟ ಅಂದ ಮೇಲೆ ಸಣ್ಣದೊಂದು ನಿದ್ದೆ. ಬಂದು ನೋಡಿದರೆ ಕಟ್ಟಿರುವೆಯ ಸಾಲು ಬಾಗಿಲಿಂದ ಶುರುವಾಗಿ ಮರಳಿನ ಗಟ್ಟಿಯೊಳಗೆ ಹೋಗ್ತಿದೆ. ಹೊರಗಿಂದ ನೋಡೋಕೆ ಎಲ್ಲ ಸರಿಯಾಗೇ ಇತ್ತು. ಉಫ್ ಅಂತ ಊದಿ ಇರುವೆ ಓಡಿಸಿದೆ, ಅಚ್ಚಿಗೆ ಕೂರಿಸಿದೆ, ಎರಕ ಹುಯ್ದೆ.

ತಣ್ಣಗಾದ ಮೇಲೆ ಒಳಗಿನ ಮರಳು ಉದುರಿಸಿದರೆ, ಅವ್ವಯ್ಯಾ! ಕಾಕಂಬಿ ತಿಂದುಕೊಂಡು ಇರುವೆಗಳು ಮರಳಿನೊಳಗೆ ಕೊರೆದಿದ್ದ ಸುರಂಗಗಳಿಗೆಲ್ಲ ಕಬ್ಬಿಣ ಹರಿದಿತ್ತು. ಪಂಪಿನ ಹೊಟ್ಟೆಯಲ್ಲಿ ಕಬ್ಬಿಣದ ಬೇರು, ಕವಲು, ಉಪಕವಲು. ಅದರಲ್ಲಿ ಒಂದು ಕಡೆ ಇರುವೆ ರಾಣಿಗೆ ಅಂತ ಒಂದು ಸಣ್ಣ ಕಬ್ಬಿಣದ ಮಂಚಾನೂ ಇತ್ತು. ನಾನೇ ಕಣ್ಣಾರೆ ನೋಡಿದೆ.

ಒಡೆದು ಮತ್ತೆ ಕರಗಿಸೋಣ ಅಂದುಕೊಳ್ಳೋದರಲ್ಲಿ ಆ ರೈತ ಬಂದುಬಿಟ್ಟ. ಬೆಳೆ ಒಣಗ್ತಾದೆ ಅಂತ ಕೈಯಿಂದ ಕಿತ್ತುಕೊಂಡು ಹೋದ. ಇನ್ನು ನನ್ನ ಮಾನ ಹೋಯ್ತು ಅಂತ ನಾನು ಒಂದು ವಾರ ಉಡಿಗಾಲದ ಬಸ್ಸು ಹತ್ತಲಿಲ್ಲ. ವಾರ ಕಳೆದ ಮೇಲೆ ಅವನೇ ಹುಡುಕಿಕೊಂಡು ಬಂದ.

"ಮೇಸ್ತ್ರಣ್ಣೋ, ಯಾನಣ್ಣ ನಿನ್ ಪಂಪು! ನೀರು ಬಾವಿಯಿಂದ ಮೇಲಕ್ಕೆ ಬತ್ತದೆ. ಬಂದ್ಬುಟ್ಟು ಒಂದೇ ಸಾಲಲ್ಲಿ, ಒಂದ್ರ ಹಿಂದೆ ಒಂದು ಹನಿ, ಶಿಸ್ತಾಗಿ ಓಯ್ತದೆ ಕಣಣ್ಣ!"

ಹನಿ ನೀರಾವರಿ ಅಂತ ಆಮೇಲೆ ಯಾರ್ಯಾರೋ ಹೆಸರು ಮಾಡಿಕೊಂಡರು. ಅದನ್ನ ಮೊದಲು ಕಂಡುಹಿಡಿದದ್ದು ನಾನು. ಬೇಗೂರಿನವನು ಮಾತ್ರ ಒಪ್ಪೋದಿಲ್ಲ. "ನೀನೆಲ್ಲಿ ಕಂಡುಹಿಡಿದ್ಯೋ? ಕಂಡುಹಿಡಿಯೋವಾಗ ನೀನು ಗೊರಕೆ ಹೊಡೀತಾ ಇದ್ದೆ. ಇರುವೆ ಹೆಸರೇಳ್ಲಾ!" ಅಂತಾನೆ.

ತಿಂದ ಬೋರ್ಡು

ಗುಂಡ್ಲುಪೇಟೆಯಲ್ಲಿ ಒಂದು ಹೋಟ್ಲು. ಊಟಿಗೆ ಹೋಗೋರು, ಕೇರಳಕ್ಕೆ ಹೋಗೋರು ಎಲ್ಲ ಅಲ್ಲಿ ಇಳಿದು ದೋಸೆ ತಿಂದು, ತಿಂದ ತಟ್ಟೆಯಲ್ಲೇ ಕೈ ತೊಳೆದು ಹೋಗ್ತಿದ್ದರು. ಹೋಟ್ಲಿನವನಿಗೆ ತಲೆ ಕೆಟ್ಟಿತ್ತು. ರಟ್ಟಿನ ಬೋರ್ಡು ಹಾಕಿದರೆ ಹರೀತಾರೆ, ಮರದ್ದು ಹಾಕಿದರೆ ಒಲೆಗೆ ಹೋಗ್ತದೆ. ನಮ್ಮ ಹತ್ತಿರ ಬಂದ.

"ಕಬ್ಬಿಣದಲ್ಲಿ ಹುಯ್ದು ಕೊಡಿ ಮೇಸ್ತ್ರಿ. 'ತಟ್ಟೆಯಲ್ಲಿ ಕೈ ತೊಳೆಯಬೇಡಿ' ಅಂತ. ಅಕ್ಷರ ಉಬ್ಬಿರಬೇಕು."

ಅಕ್ಷರದ ತುಂಡುಗಳನ್ನ ಮರಳ ಮೇಲೆ ಜೋಡಿಸಿ ಒತ್ತಿದೆ. ಸಾಲು ನೇರವಾಗಿ, ಮುದ್ದಾಗಿ ಕಂಡಿತು. ಆದರೆ ನಮ್ಮ ಕಸುಬಿನ ಗುಟ್ಟೇನು ಅಂದರೆ, ಮರಳಲ್ಲಿ ನೇರ ಕಂಡದ್ದು ಕಬ್ಬಿಣದಲ್ಲಿ ಮಗುಚಿಕೊಳ್ತದೆ, ಕನ್ನಡೀಲಿ ಕಂಡ ಹಾಗೆ. ನೇರ ಬರಬೇಕಾದರೆ ತಿರುವುಮುರುವಾಗಿ ಜೋಡಿಸಬೇಕು. ಅವತ್ತು ಮರಳಿನ ಅಂದ ನೋಡಿಕೊಂಡು ನಿಂತೆ, ಮಿಕ್ಕಿದ್ದು ಮರೆತುಹೋಯ್ತು.

ಬೋರ್ಡು ನೋಡಿದ ಹೋಟ್ಲಿನವನು, "ಇದ್ಯಾವ ಭಾಷೆ? ಮಲಯಾಳನಾ?" ಅಂದ. ಅಲ್ಲೇ ಕೂತಿದ್ದ ಕೇರಳದ ಡ್ರೈವರನ್ನ ಕೇಳಿದ. ಆ ಡ್ರೈವರು ನೋಡಿ, "ನಮ್ಮದಲ್ಲ, ತಮಿಳಿರಬೇಕು," ಅಂದ. ಕೋಪದಲ್ಲಿ ಹೋಟ್ಲಿನವನು ಬೋರ್ಡನ್ನ ಅಡಿಗೆಮನೆ ಮೂಲೆಗೆ ಎಸೆದ.

ಅಡಿಗೆಯವನು ಒಳ್ಳೆ ದಪ್ಪ ಕಬ್ಬಿಣ ಹಾಳಾಗ್ತದಲ್ಲ ಅಂತ ಅದನ್ನ ತೊಳೆದು, ಎಣ್ಣೆ ಸವರಿ, ಒಲೆ ಮೇಲಿಟ್ಟು ದೋಸೆ ಹುಯ್ದ. ದೋಸೆ ಮಗುಚಿದ. ನೋಡಿದರೆ ದೋಸೆ ಮೇಲೆ ದುಂಡಾಗಿ, ನೇರವಾಗಿ, ಒಂದು ಒತ್ತೂ ತಪ್ಪದೆ 'ತಟ್ಟೆಯಲ್ಲಿ ಕೈ ತೊಳೆಯಬೇಡಿ.'

ಆವತ್ತಿಂದ ಆ ಹೋಟ್ಲಿಗೆ ಜನ ಜನ. ಬರೆದ ದೋಸೆ ಬೇಕು ಅಂತ ಕೇಳಿ ಕೇಳಿ ತಿಂದರು. ಓದು ಬಾರದವರು ಪಕ್ಕದವರಿಂದ ಓದಿಸಿಕೊಂಡು ತಿಂದರು. ಹೋಟ್ಲಿನವನು ನನಗೆ ಕೈ ಮುಗಿದ. ಒಂದೇ ಒಂದು ತೊಂದರೆ ಮಾತ್ರ ಹಾಗೇ ಉಳೀತು. ತಿಂದವರು ಮತ್ತೆ ತಟ್ಟೆಯಲ್ಲೇ ಕೈ ತೊಳೀತಿದ್ದರು. "ಯಾಕ್ರೀ, ಬೋರ್ಡು ನೋಡ್ಲಿಲ್ವಾ?" ಅಂತ ಹೋಟ್ಲಿನವನು ಗದರಿದರೆ, "ಎಲ್ಲಿದೆ ಬೋರ್ಡು?" ಅಂತ ಕೇಳ್ತಿದ್ದರು.

ತಿಂದಾಗಿತ್ತಲ್ಲ, ಎಲ್ಲಿಂದ ತೋರಿಸೋದು!

ನಾನು ಓದಿದ್ದು

ಸ್ಕೂಲಿನ ಮೆಟ್ಟಿಲು ಹತ್ತಿದವನಲ್ಲ ನಾನು. ಕನ್ನಡವಾಗಲಿ ಇಂಗ್ಲಿಷಾಗಲಿ, ಅಕ್ಷರ ಕಲಿತದ್ದೆಲ್ಲ ಅಚ್ಚಿನ ಮರಳಲ್ಲಿ. ಅದರಿಂದ ಬಹಳ ದಿವಸ ಎಲ್ಲ ಅಕ್ಷರವೂ ನನಗೆ ಬಲದಿಂದ ಎಡಕ್ಕೇ ಬರ್ತಿದ್ದವು. ಯಜಮಾನಮ್ಮನ ಮಾವನವರು ಅದನ್ನ ನೋಡಿ, "ಮೇಸ್ತ್ರಿ, ನೀನು ಉರ್ದು ಕಲಿತಿದ್ದರೆ ಮುನ್ಷಿಯಾಗ್ತಿದ್ದೆ," ಅಂತ ಬೆನ್ನು ತಟ್ಟಿದ್ದರು.

ಮೊನ್ನೆ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಬಿಳಿ ವ್ಯಾನು ಎದುರಿಗೆ ಬಂತು. ಮುಂದುಗಡೆ ತಿರುವುಮುರುವಾಗಿ ಬರೆದಿತ್ತು. ಕಾಲೇಜು ಹುಡುಗರು ಕತ್ತು ವಾರೆ ಮಾಡಿ ನೋಡ್ತಿದ್ದರು. ನಾನು ಥಟ್ಟಂತ, "ಆಂಬುಲೆನ್ಸು!" ಅಂದೆ. ಹುಡುಗರೆಲ್ಲ ದಂಗಾದರು. ಮನೆಗೆ ಬಂದು ಹೆಂಡತಿಗೆ ಹೇಳಿದೆ, ಇಡೀ ಜಿಲ್ಲೆಯಲ್ಲಿ ಅದನ್ನ ಓದೋನು ನಾನೊಬ್ಬನೇ ಅಂತ.

ಅವಳು ಸೊಪ್ಪು ಬಿಡಿಸ್ತಾನೇ ಅಂದಳು: "ಓದಾಕ್ ಬರೋದು ಒಂದೇ ಗಾಡಿ. ಅದ್ರೊಳಗೆ ಮನಿಕ್ಕಂಡಾಗ ಅದೂ ಕಾಣಾಕಿಲ್ಲ. ಸುಮ್ಕೆ ಕೂತ್ಕಳಿ."

ದೊರೆಯ ಎತ್ತರ

ದೊರೆಯ ಮರಿಮೊಮ್ಮಗಳು, ನಮ್ಮ ಬಾಯಲ್ಲಿ ದೊರೆಸಾನಿ, ಬರೋ ದಿನ ಹತ್ತಿರ ಬಂತು. ಅವಳ ಮಾತು ನಮಗೆ, ನಮ್ಮ ಮಾತು ಅವಳಿಗೆ ಹೇಳೋಕೆ ಅಂತ ಗುಂಡ್ಲುಪೇಟೆಯಿಂದ ಇಂಗ್ಲಿಷ್ ಮೇಷ್ಟ್ರು ಒಬ್ಬರನ್ನ ಯಜಮಾನಮ್ಮ ಕರೆಸಿದರು. ನಿವೃತ್ತರಾದವರು, ಸಭ್ಯಸ್ಥರು, ಯಾರ ಮನಸ್ಸನ್ನೂ ನೋಯಿಸದ ಮನುಷ್ಯ. ನನ್ನ ಕತೆಗಳ ರೆಕಾರ್ಡು ಕೇಳಿ ಅವರಿಗೆ ಬೆವರು ಬಂದಿತ್ತು.

"ಅಮ್ಮಾ, ಇದನ್ನ ಹೇಳಿದ್ರೆ ಅವರು ಎದ್ದು ಹೋಗ್ತಾರೆ. ಕೆಲಸ ಹೋಯ್ತು ಅಂತಲೇ ತಿಳ್ಕೊಳ್ಳಿ," ಅಂದರು.

ಯಜಮಾನಮ್ಮ ನನ್ನನ್ನ ಎದುರಿಗೆ ಕೂರಿಸಿಕೊಂಡರು. "ಚಾಚಾ, ನಾನೇ ದೊರೆಸಾನಿ ಅಂದ್ಕೊಳ್ಳಿ. ಕೇಳ್ತೀನಿ. ಅಳತೆ ಮಾಡಿ ಹೇಳ್ಬೇಕು. ನಮ್ಮ ತಾತ ಎಷ್ಟು ಎತ್ತರ ಇದ್ರು?"

"ಬಾಗ್ಲಿಗೆ ತಲೆ ತಗುಲ್ತಿತ್ತು."

"ಯಾವ ಬಾಗಿಲಿಗೆ?"

"ಅರಮನೆ ಬಾಗ್ಲಿಗೆ."

"ಯಾ ಅಲ್ಲಾ! ಕಡಿಮೆ ಮಾಡಿ."

"ಓಗ್ಲಿ, ನಮ್ ಕಾರ್ಖಾನೆ ಬಾಗ್ಲಿಗೆ."

"ಅದರಲ್ಲಿ ಲಾರಿ ಹೋಗ್ತದೆ ಚಾಚಾ. ಇನ್ನೂ ಕಡಿಮೆ."

"ನಮ್ಮನೆ ಬಾಗ್ಲಿಗೆ."

ಮೇಷ್ಟ್ರು ನಡುವೆ ಬಾಯಿ ಹಾಕಿದರು. "ಯಾವುದಕ್ಕೂ ಇರಲಿ, ಇನ್ನೊಂಚೂರು ಇಳಿಸಿ."

ನನಗೂ ಸಿಟ್ಟು ಬಂತು. "ಇನ್ನೆಲ್ಲಿಗೆ ಇಳಿಸ್ಲಿ? ನಮ್ಮನೇಲಿ ಇನ್ನು ಇರೋದು ಕೋಳಿ ಗೂಡಿನ ಬಾಗ್ಲು!"

ಬೇಗೂರಿನವನು ನಿಟ್ಟುಸಿರು ಬಿಟ್ಟ. "ತಾತಪ್ಪ ಬೆಟ್ಟದಷ್ಟು ಉಣಿಸಿದ್ದ. ಮೊಮ್ಮಗ ಚೌಕಾಸಿ ಮಾಡ್ಕಂಡು ಮಾಡ್ಕಂಡು ಆ ದೊರೇನ ಕೋಳಿ ಗೂಡಿಗೆ ತಂದು ನಿಲ್ಲಿಸ್ಬುಟ್ನಲ್ಲಪ್ಪ."

ಕುಲುಮೆಯ ಮಂತ್ರ

ದೊರೆಸಾನಿ ಬಂದೇ ಬಂದಳು. ಎತ್ತರದ ಹೆಂಗಸು, ಕೆಂಪು ಕೆನ್ನೆ, ಕೈ ಮೇಲೆ ಸುಟ್ಟ ಕಲೆ. ಅದನ್ನ ನೋಡಿದ ಕೂಡಲೇ ನನಗೆ ಗೊತ್ತಾಯ್ತು, ಇವಳು ಕುರ್ಚಿ ಮೇಲೆ ಕೂತು ಯಜಮಾನಿಕೆ ಮಾಡೋಳಲ್ಲ, ಕುಲುಮೆ ಮುಂದೆ ನಿಲ್ಲೋಳು. ಹಾರ ಹಾಕಿದೆವು. ಟೀ, ಮದ್ದೂರು ವಡೆ ಆಯ್ತು. ಅವಳು ಒಂದೊಂದಾಗಿ ಕೇಳೋಕೆ ಶುರು ಮಾಡಿದಳು. ಮೇಷ್ಟ್ರು ಕನ್ನಡಕ್ಕೆ ತರ್ತಿದ್ದರು. ಯಜಮಾನಮ್ಮ ನನ್ನನ್ನೇ ನೋಡ್ತಿದ್ದರು.

"ನಮ್ಮ ತಾತನನ್ನ ಕಂಡವರು ಯಾರಾದರೂ ಇದ್ದಾರಾ?"

"ಇಲ್ಲ," ಅಂದೆ.

"ಅವರ ಕೈಯಿಂದ ಮಾಡಿದ ಸಾಮಾನು ಏನಾದರೂ?"

"ಇಲ್ಲ. ಎಲ್ಲಾ ಕರಗಿಸಿ ಬೇರೆ ಮಾಡಿದೀವಿ."

"ಚಿತ್ರ, ಹೆಸರು ಬರೆದ ಕಲ್ಲು?"

"ಇಲ್ಲ."

ನನ್ನ ಜನ್ಮದಲ್ಲಿ ಒಂದೇ ಹೊತ್ತಿಗೆ ಇಷ್ಟು ನಿಜ ನಾನು ಹೇಳಿದ್ದಿಲ್ಲ. ಬಾಯಿ ಕಹಿಯಾಗಿಹೋಯ್ತು.

ದೊರೆಸಾನಿ ಸೂರು ನೋಡಿದಳು, ಗೋಡೆ ನೋಡಿದಳು. ಮೇಷ್ಟ್ರ ಹತ್ತಿರ ಮೆಲ್ಲಗೆ ಏನೋ ಅಂದಳು. ಮೇಷ್ಟ್ರು ತಲೆ ತಗ್ಗಿಸಿ ಹೇಳಿದರು: "ಕಾರ್ಖಾನೆ ಚೆನ್ನಾಗಿದೆಯಂತೆ. ಜನ ಒಳ್ಳೆಯವರಂತೆ. ಆದ್ರೆ ಇದು ಅವರ ತಾತನದೇ ಅನ್ನೋಕೆ ಒಂದೂ ಗುರುತು ಇಲ್ಲವಂತೆ. ಬಹಳ ಬೇಜಾರಂತೆ."

ಯಜಮಾನಮ್ಮ ಸೆರಗು ಸರಿ ಮಾಡಿಕೊಂಡು ಎದ್ದರು. "ಅಷ್ಟು ದೂರದಿಂದ ಬಂದಿದ್ದಾರೆ. ಎರಕ ಹುಯ್ಯೋದನ್ನಾದ್ರೂ ನೋಡ್ಕೊಂಡು ಹೋಗ್ಲಿ. ಇದ್ದ ಕಲ್ಲಿದ್ದಲೆಲ್ಲ ಇವತ್ತಿನ ಕುಲುಮೆಗೆ ಹಾಕಿದ್ದಾಯ್ತು. ನಾಳೆಯಿಂದ ಹೆಂಗಿದ್ರೂ ಅರಿಶಿನ."

ದೊರೆಸಾನಿಗೆ ತೋರಿಸೋಣ ಅಂತ ಬೇಗೂರಿನವನು ಬೆಳಿಗ್ಗೆಯೇ ಕುಲುಮೆ ಹೊತ್ತಿಸಿದ್ದ. ಕಬ್ಬಿಣ ಕರಗಿ ರಸವಾಗಿ ಕುದೀತಿತ್ತು. ದೊರೆಸಾನಿಯನ್ನ ಮುಂದುಗಡೆ ಒಂದು ಬೆಂಚಿನ ಮೇಲೆ ಕೂರಿಸಿದೆವು. ನಾವು ಸಾಲಾಗಿ ನಿಂತೆವು.

ಈಗ ಒಂದು ವಿಷಯ ಹೇಳಬೇಕು. ಕುಲುಮೆಯ ಬಾಯಿ ತೆಗೆದು ರಸ ಬಿಡೋ ಮುಂಚೆ ನಮ್ಮಲ್ಲಿ ಒಂದು ಮಂತ್ರ ಹೇಳೋ ಪದ್ಧತಿ. ತಾತ ಅಪ್ಪನಿಗೆ ಹೇಳಿಕೊಟ್ಟ, ಅಪ್ಪ ನನಗೆ ಹೇಳಿಕೊಟ್ಟ. ಕೈ ಮುಗಿದು ರಾಗವಾಗಿ ಹೇಳಬೇಕು. ಕೊನೇಲಿ ಬಲಗೈಯಲ್ಲಿ ತೊಡೆಗೆ ಪಟ್ ಅಂತ ಹೊಡಕೋಬೇಕು. ಮಂತ್ರ ಹೀಗಿದೆ:

"ಮೈಂಡೂರು ಪೀಠೇ... ಬಳ್ಳಾಡಿ ಪೂಲೇ!"

ಮೈಂಡೂರು ಅಂದರೆ ಇಂಗ್ಲೆಂಡಿನ ಕಡೆ ಒಂದು ಊರು, ಅಲ್ಲಿ ಕುಲುಮೆ ದೇವತೆಯ ಪೀ‌ಠ ಇದೆ ಅಂತ ನಮ್ಮಪ್ಪ ಹೇಳ್ತಿದ್ದ. ಬಳ್ಳಾಡಿ ಪೂಲೇ ಅಂದರೆ ಬಳ್ಳಿಯಲ್ಲಿ ಆಡೋ ಹೂವು, ಪೂ ಅಂದರೆ ತಮಿಳಲ್ಲಿ ಹೂವಲ್ವಾ, ಅಂತ ಬೇಗೂರಿನವನ ಅಂಬೋಣ. ನಾವು ಅದನ್ನ ಸಂಸ್ಕೃತ ಅಂದುಕೊಂಡಿದ್ದೆವು. ಯಜಮಾನರ ಮನೆಯವರು ಫಾರ್ಸಿ ಅಂದುಕೊಂಡಿದ್ದರು. ನಾವು ಕಾಯಿ ಒಡೀತಿದ್ದೆವು, ಅವರು ಸಕ್ಕರೆ ಹಂಚ್ತಿದ್ದರು. ಮಂತ್ರ ಮಾತ್ರ ಇಬ್ಬರದ್ದೂ ಒಂದೇ.

ಅವತ್ತು ಕೊನೇ ಸಲ ಅಂತ ಎಲ್ಲರಿಗೂ ಗೊತ್ತಿತ್ತು. ಬೇಗೂರಿನವನು ಕಾಯಿ ಒಡೆದ. ನನ್ನ ಗಂಟಲು ಅಂದರೆ ನಿಮಗೆ ಗೊತ್ತಿಲ್ಲ, ಇಲ್ಲಿ ಕೂಗಿದರೆ ಗುಂಡ್ಲುಪೇಟೆಯಲ್ಲಿ ಬಸ್ಸು ನಿಲ್ತದೆ. ಅತಿಥಿಗೆ ಗೌರವ ಇರಲಿ ಅಂತ ದೊರೆಸಾನಿಯ ಕಡೆ ತಿರುಗಿ, ಕೈ ಮುಗಿದು, ಕಣ್ಣು ಮುಚ್ಚಿ ಎತ್ತಿಕೊಂಡೆ.

"ಮೈಂಡೂರು ಪೀಠೇ..."

ಎಲ್ಲರೂ ಸೇರಿ ತೊಡೆ ತಟ್ಟಿದರು. "ಬಳ್ಳಾಡಿ ಪೂಲೇ!"

ಕಣ್ಣು ಬಿಟ್ಟು ನೋಡಿದರೆ ದೊರೆಸಾನಿ ಎರಡೂ ಕಾಲನ್ನ ಬೆಂಚಿನ ಮೇಲೆ ಎತ್ತಿಕೊಂಡುಬಿಟ್ಟಿದ್ದಾಳೆ! ಅಷ್ಟೂ ಜನರಲ್ಲಿ ಕಾಲು ಎತ್ತಿದವಳು ಅವಳೊಬ್ಬಳೇ. ತನ್ನ ಕಾಲನ್ನ ತಾನೇ ನೋಡಿಕೊಂಡಳು. ನಮ್ಮನ್ನ ನೋಡಿದಳು. ಬಾಯಿ ಮೇಲೆ ಕೈ ಇಟ್ಟುಕೊಂಡಳು. ಇನ್ನೊಂದು ಸಲ ಹೇಳಿ ಅಂತ ಸನ್ನೆ ಮಾಡಿದಳು. ಭಕ್ತಿ ಹುಟ್ಟಿದೆ ಪಾಪ ಅಂತ ನಾವು ಇನ್ನೂ ಬಗ್ಗಿ, ಇನ್ನೂ ರಾಗವಾಗಿ ಹೇಳಿದೆವು. ಈ ಸಲ ಅವಳೂ ನಮ್ಮ ಜೊತೆ ಹೇಳಿದಳು. ಅದೇ ರಾಗ. ಕೊನೇಲಿ ಪಟ್ ಅಂತ ತೊಡೆಗೆ ಹೊಡಕೊಂಡಳು, ನಮಗಿಂತ ಚೆನ್ನಾಗಿ. ಆಮೇಲೆ ನಕ್ಕಳು ನೋಡಿ, ನಕ್ಕು ನಕ್ಕು ಕಣ್ಣಲ್ಲಿ ನೀರು ಸುರಿಸಿಕೊಂಡು ಬೆಂಚಿನಿಂದ ಜಾರಿಬಿಟ್ಟಳು.

ಮೇಷ್ಟ್ರು ಬಿಳಿಚಿಕೊಂಡಿದ್ದರು. ನನ್ನ ಕಿವಿ ಹತ್ತಿರ ಬಂದರು.

"ಮೇಸ್ತ್ರೀ, ಅದು ಮಂತ್ರ ಅಲ್ಲ ಮಾರಾಯ. ಮೈಂಡ್ ಯುವರ್ ಫೀಟು. ಬರಿಗಾಲಲ್ಲಿ ನಿಂತಿದ್ದ ನಿಮ್ಮ ತಾತಂದಿರಿಗೆ, ರಸ ಬಿಡೋ ಮುಂಚೆ 'ಕಾಲು ನೋಡ್ಕೊಳ್ರೋ' ಅಂತ ದೊರೆ ಗದರ್ತಿದ್ದದ್ದು. ಮುಂದಿನದ್ದು... ಮುಂದಿನದ್ದು ಬ್ಲಡಿ ಫೂಲು."

ಮೂರು ತಲೆಮಾರಿಂದ ಕೈ ಮುಗಿದುಕೊಂಡು ಬೈತಾ ಇದ್ದೀವಿ. ಈಗ ದೊರೆಸಾನಿಗೆ ಹಾರ ಹಾಕಿ, ಅವಳ ಮುಖಕ್ಕೇ ಬೈದಿದ್ದೀವಿ, ಅದೂ ಎರಡೆರಡು ಸಲ!

ಯಜಮಾನಮ್ಮ ಓಡಿ ಬಂದರು. "ಮೇಷ್ಟ್ರೇ, ಯಾಕೆ ಅಳ್ತಿದಾರೆ? ಏನಂತಾರೆ? ಕೆಲಸ ಕೊಡ್ತಾರಾ ಇಲ್ವಾ, ಅದನ್ನ ಹೇಳಿ ಮೊದಲು!"

ದೊರೆಸಾನಿ ಕಣ್ಣು ಒರೆಸಿಕೊಳ್ತಾ ಬಡಬಡ ಮಾತಾಡಿದಳು. ಮೇಷ್ಟ್ರು ಒಂದೊಂದೇ ಮಾತು ಜೋಡಿಸಿ ಹೇಳಿದರು. "ಇದು ಇವರ ಮನೆತನದ ಮಾತಂತೆ. ಅಲ್ಲಿ ಇವರ ಕಾರ್ಖಾನೆಯಲ್ಲಿ ಇವರಪ್ಪ ಈಗಲೂ ದಿನಾ ರಸ ಬಿಡೋವಾಗ ಇದೇ ಮಾತು, ಇದೇ ರಾಗ, ಹೀಗೇ ತೊಡೆ ತಟ್ಟಿ ಹೇಳ್ತಾರಂತೆ. ಅವರಪ್ಪನೂ ಹೇಳ್ತಿದ್ದರಂತೆ. ತಾತ ಕಲಿಸದೆ ಇದು ಇನ್ಯಾರಿಗೂ ಬರೋಕೆ ಸಾಧ್ಯ ಇಲ್ಲವಂತೆ. ಬೇರೆ ಗುರುತು ಬೇಡವಂತೆ. ಬೆಂಚು, ಕಂಬ, ಎಲ್ಲಾ ಇಲ್ಲೇ ಹುಯ್ಯಬೇಕಂತೆ."

ಶೆಡ್ಡಿನ ಸೂರು ಹಾರಿಹೋಗೋ ಹಾಗೆ ಕೂಗು ಎದ್ದಿತು. ಬೇಗೂರಿನವನು ನನ್ನನ್ನ ತಬ್ಬಿಕೊಂಡ. ಯಜಮಾನಮ್ಮ ಎರಡೂ ಕೈ ಎತ್ತಿ ದುವಾ ಮಾಡಿ, ಎಲ್ಲರ ಬಾಯಿಗೂ ಸಕ್ಕರೆ ಹಾಕಿದರು. ಆಮೇಲೆ, ಇಷ್ಟು ದಿವಸ ಕೇಳದೇ ಇದ್ದದ್ದನ್ನ ಕೇಳಿಯೇಬಿಟ್ಟರು.

"ಮೇಷ್ಟ್ರೇ, ನಮ್ಮನ್ನ ಕಾಪಾಡಿದ್ದು ಈ ಮಂತ್ರ. ಅದರ ಅರ್ಥ ಏನು, ಎಲ್ಲರಿಗೂ ಕೇಳೋ ಹಾಗೆ ಹೇಳಿ."

ಎಲ್ಲರೂ ಕೈ ಮುಗಿದುಕೊಂಡು ಮೇಷ್ಟ್ರ ಬಾಯಿ ನೋಡ್ತಿದ್ದರು. ಮೇಷ್ಟ್ರು ನನ್ನನ್ನ ನೋಡಿದರು. ನಾನು ಮೆಲ್ಲಗೆ ಅವರ ಪಂಚೆ ಚುಂಗು ಎಳೆದೆ. ಪಾಪ, ಸುಳ್ಳು ಹೇಳೋ ಮನುಷ್ಯರಲ್ಲ. ಯಾರ ಮನಸ್ಸನ್ನೂ ನೋಯಿಸೋರೂ ಅಲ್ಲ. ಗಂಟಲು ಸರಿ ಮಾಡಿಕೊಂಡು, ಮಾತಿಗೆ ಮಾತು ಇಟ್ಟು, ಒಂದು ಅಕ್ಷರವೂ ತಪ್ಪಿಸದೆ ಕನ್ನಡಕ್ಕೆ ತಂದರು.

"ಪಾದದಲ್ಲಿ ಮನಸ್ಸಿಡು... ಎಲೈ ಮೂಢಾ."

ಬೇಗೂರಿನವನು ಎರಡೂ ಕೆನ್ನೆಗೆ ಬಡಿದುಕೊಂಡು ಕುಲುಮೆಗೆ ಅಡ್ಡ ಬಿದ್ದ. ಎದ್ದವನು ಕಣ್ಣು ಒರೆಸಿಕೊಳ್ತಾ ನನಗೆ ಹೇಳಿದ:

"ಆ ದೊರೆ ಬರೀ ಕಬ್ಬಿಣದೋನಲ್ಲ ಕಣ್ಲಾ, ಮಾ ಗ್ಯಾನಿ!"